ಎಳೆಗೂಸಿಗೆ ಎದೆಹಾಲು ಸಾಕಾಗುತ್ತಿದೆಯೇ? ತಿಳಿಯುವುದು ಹೇಗೆ?

ಹೆರಿಗೆಯಾದ ಮೊದಲ ವಾರಗಳಲ್ಲಿ ತಾಯಂದಿರನ್ನು ಹೆಚ್ಚಾಗಿ ಕಾಡುವ ಚಿಂತೆ "ನನಗೆ ಹಾಲು ಸಾಲುತ್ತಿಲ್ಲ" ಎಂಬುದು. ಬಾಟಲಿಯ ಹಾಲಾದರೆ ಗೆರೆ ನೋಡಿ ಅಳತೆ ಹೇಳಬಹುದು. ಎದೆಹಾಲಿಗೆ ಅಂಥ ಗೆರೆಯಿಲ್ಲ. ಮಗು ಅತ್ತರೆ ಸಾಕು, ನೋಡಲು ಬಂದವರು ಡಬ್ಬಿ ಹಾಲು ಕೊಡಿ ಎನ್ನುತ್ತಾರೆ. ನಿಜವೆಂದರೆ ಹೆಚ್ಚಿನ ತಾಯಂದಿರಿಗೆ ಹಾಲು ಸಾಕಷ್ಟು ಇರುತ್ತದೆ. ಕೆಲವರಿಗೆ ಮಾತ್ರ ನಿಜವಾಗಿಯೂ ಕಡಿಮೆ ಇರುತ್ತದೆ. ಇದನ್ನು ಮನೆಯಲ್ಲೇ ತಿಳಿಯಲು ನಾಲ್ಕು ಗುರುತುಗಳಿವೆ: ಮೂತ್ರ, ಮಲ, ತೂಕ ಮತ್ತು ಮಗು ಕುಡಿಯುವ ರೀತಿ.

ಮೊದಲ ದಿನಗಳು

ಮೊದಲ ಎರಡು ಮೂರು ದಿನ ಬರುವ ದಪ್ಪನೆಯ ಹಳದಿ ಹಾಲು ಸ್ವಲ್ಪವೇ ಇರುತ್ತದೆ. ಮಗುವಿನ ಹೊಟ್ಟೆಯೂ ಆಗ ಬಹಳ ಚಿಕ್ಕದು, ಆದ್ದರಿಂದ ಅಷ್ಟೇ ಸಾಕು. ಈ ಹಾಲನ್ನು ಹಿಂಡಿ ಚೆಲ್ಲಬಾರದು. ರೋಗ ತಡೆಯುವ ಶಕ್ತಿ ಇದರಲ್ಲಿ ಹೆಚ್ಚು. ಹುಟ್ಟಿದ ಒಂದು ಗಂಟೆಯೊಳಗೆ ಕುಡಿಸಲು ಆರಂಭಿಸಬೇಕು. ಸಾಮಾನ್ಯವಾಗಿ 2ರಿಂದ 4ನೇ ದಿನದೊಳಗೆ ಹಾಲು ತುಂಬಿಕೊಳ್ಳುತ್ತದೆ. ಸಿಸೇರಿಯನ್ ಆದವರಿಗೆ ಸ್ವಲ್ಪ ತಡವಾಗಬಹುದು.

ಮೂತ್ರ ಮತ್ತು ಮಲ

ಮೊದಲ ದಿನ ಕನಿಷ್ಠ 1 ಬಾರಿ, ಎರಡನೇ ದಿನ 2 ಬಾರಿ, ಮೂರನೇ ದಿನ 3 ಬಾರಿ ಮಗು ಮೂತ್ರ ಮಾಡಬೇಕು. 5ನೇ ದಿನದ ನಂತರ 24 ಗಂಟೆಯಲ್ಲಿ 6 ಬಾರಿ ಅಥವಾ ಹೆಚ್ಚು ಆಗಬೇಕು. ಮೂತ್ರ ತಿಳಿಯಾಗಿರಬೇಕು. ಮೊದಲ ಎರಡು ಮೂರು ದಿನ ಬಟ್ಟೆಯ ಮೇಲೆ ಇಟ್ಟಿಗೆ ಬಣ್ಣದ ಕಲೆ ಕಂಡರೆ ಗಾಬರಿ ಬೇಡ. 4-5ನೇ ದಿನದ ನಂತರವೂ ಕಂಡರೆ ಹಾಲು ಸಾಲುತ್ತಿಲ್ಲವೆಂಬ ಸೂಚನೆ. ಲಂಗೋಟಿ ಕಟ್ಟಿದರೆ ಎಣಿಸುವುದು ಸುಲಭ. ಮಗುವಿಗೆ ನೀರು ಕುಡಿಸಿದ್ದರೆ ಈ ಲೆಕ್ಕವನ್ನು ನಂಬುವಂತಿಲ್ಲ.

ಮೊದಲು ಕಪ್ಪು ಅಂಟು ಮಲ, ಆಮೇಲೆ ಹಸಿರು, 5ನೇ ದಿನದ ಹೊತ್ತಿಗೆ ಹಳದಿ ತೆಳು ಮಲ ಬರಬೇಕು. ಮೊದಲ ತಿಂಗಳು ದಿನಕ್ಕೆ 3-4 ಬಾರಿ ಆಗುವುದು ಸಾಮಾನ್ಯ, ಇದು ಭೇದಿಯಲ್ಲ. ಆರು ವಾರದ ನಂತರ ಕೆಲವು ಮಕ್ಕಳು ಹಲವು ದಿನಕ್ಕೊಮ್ಮೆ ಮಾತ್ರ ಮಲ ಮಾಡುತ್ತವೆ. ಮಲ ಮೆತ್ತಗಿದ್ದು, ಮಗು ಚುರುಕಾಗಿ ಬೆಳೆಯುತ್ತಿದ್ದರೆ ತೊಂದರೆಯಿಲ್ಲ.

ತೂಕ

ಎಲ್ಲಕ್ಕಿಂತ ನಂಬಿಕೆಯ ಗುರುತು ತೂಕ. ಮೊದಲ ಕೆಲವು ದಿನ ಮಗುವಿನ ತೂಕ ಸ್ವಲ್ಪ ಇಳಿಯುವುದು ಸಹಜ. ನೂರಕ್ಕೆ ಹತ್ತಕ್ಕಿಂತ ಹೆಚ್ಚು, ಅಂದರೆ 3 ಕಿಲೋ ಮಗುವಿನಲ್ಲಿ 300 ಗ್ರಾಂಗಿಂತ ಹೆಚ್ಚು ಇಳಿದರೆ ವೈದ್ಯರಿಗೆ ತೋರಿಸಬೇಕು. ಎರಡು ವಾರದೊಳಗೆ ಹುಟ್ಟಿದಾಗಿನ ತೂಕ ಮರಳಿ ಬರಬೇಕು. ಆಮೇಲೆ ಮೊದಲ ಮೂರು ತಿಂಗಳು ದಿನಕ್ಕೆ ಸುಮಾರು 20-30 ಗ್ರಾಂ ಏರುತ್ತದೆ. 5-6 ತಿಂಗಳಿಗೆ ತೂಕ ಎರಡರಷ್ಟಾಗುತ್ತದೆ. ಆದಷ್ಟು ಒಂದೇ ತಕ್ಕಡಿಯಲ್ಲಿ, ಬಟ್ಟೆಯಿಲ್ಲದೆ ತೂಗಿಸಿ.

ಕುಡಿಯುವ ರೀತಿ

ಎಳೆಮಗು 24 ಗಂಟೆಯಲ್ಲಿ 8ರಿಂದ 12 ಬಾರಿ ಕುಡಿಯುತ್ತದೆ, ರಾತ್ರಿಯೂ ಸೇರಿ. ಬಾಯಿ ಅಗಲವಾಗಿ ತೆರೆದು, ಕೆಳತುಟಿ ಹೊರಕ್ಕೆ ಮಡಿಚಿ, ಗದ್ದ ಎದೆಗೆ ತಾಗಿರಬೇಕು. ಮೊಲೆತೊಟ್ಟನ್ನು ಮಾತ್ರ ಚೀಪಿದರೆ ಹಾಲು ಬಾರದು, ತೊಟ್ಟು ಒಡೆಯುತ್ತದೆ. ಚೆನ್ನಾಗಿ ಕುಡಿಯುವ ಮಗು ನಿಧಾನವಾಗಿ ಆಳವಾಗಿ ಎಳೆದು, ನಡುವೆ ನಿಲ್ಲಿಸಿ ನುಂಗುತ್ತದೆ. ನುಂಗುವ ಸದ್ದು ಕಿವಿಗೆ ಕೇಳುತ್ತದೆ. ಕುಡಿದಾದ ಮೇಲೆ ಕೈ ಸಡಿಲಬಿಟ್ಟು ತಾನಾಗಿ ಎದೆ ಬಿಡುತ್ತದೆ.

ಇವು ಹಾಲು ಕಡಿಮೆಯೆಂಬ ಗುರುತಲ್ಲ

* ಕೆಲವು ವಾರಗಳ ನಂತರ ಎದೆ ಮೆತ್ತಗಾಗುವುದು, ಹಾಲು ಸೋರದಿರುವುದು.
* ಹಿಂಡಿದರೆ ಸ್ವಲ್ಪವೇ ಬರುವುದು. ಮಗು ಎಳೆದಷ್ಟು ಕೈಯಿಂದ ಬಾರದು.
* ಸಂಜೆಯ ಹೊತ್ತು ಮಗು ಪದೇ ಪದೇ ಕೇಳುವುದು ಅಥವಾ ಅಳುವುದು.
* ಬಾಟಲಿ ಕೊಟ್ಟರೆ ಕುಡಿಯುವುದು. ಹಸಿವಿಲ್ಲದ ಮಗುವೂ ಚೀಪುತ್ತದೆ.

ಹಾಲು ಕಡಿಮೆಯೆಂದು ಕಂಡರೆ

ಎದೆ ಬರಿದಾದಷ್ಟೂ ಹಾಲು ಹೆಚ್ಚು ಉಂಟಾಗುತ್ತದೆ. ಒಂದು ಹೊತ್ತು ಡಬ್ಬಿ ಹಾಲು ಕೊಟ್ಟರೆ ಆ ಹೊತ್ತು ಮಗು ಎದೆಗೆ ಬರುವುದಿಲ್ಲ, ಹಾಲು ಇನ್ನೂ ಇಳಿಯುತ್ತದೆ. ಸುಳ್ಳು ಭಯ ಹೀಗೆಯೇ ನಿಜವಾಗುತ್ತದೆ. ಆದ್ದರಿಂದ ಹೆಚ್ಚು ಬಾರಿ, ಎರಡೂ ಎದೆಯಲ್ಲಿ ಕುಡಿಸಿ. ಮಗುವನ್ನು ಮೈಗೆ ಮೈ ತಾಗುವಂತೆ ಮಲಗಿಸಿಕೊಳ್ಳಿ. ಮಗು ಹಿಡಿಯುವ ರೀತಿಯನ್ನು ದಾದಿಗೆ ತೋರಿಸಿ. ಬಾಣಂತಿಗೆ ಹೊಟ್ಟೆ ತುಂಬ ಊಟ, ಬಾಯಾರಿದಷ್ಟು ನೀರು ಬೇಕು. ಪಥ್ಯದ ಹೆಸರಿನಲ್ಲಿ ನೀರು ಕಡಿಮೆ ಮಾಡಬೇಡಿ. ಹೆರಿಗೆಯಲ್ಲಿ ಹೆಚ್ಚು ರಕ್ತ ಹೋದವರಿಗೆ, ಥೈರಾಯ್ಡ್ ತೊಂದರೆಯಿದ್ದವರಿಗೆ, ಎದೆಯ ಶಸ್ತ್ರಚಿಕಿತ್ಸೆಯಾದವರಿಗೆ ಹಾಲು ನಿಜವಾಗಿಯೂ ಕಡಿಮೆಯಾಗಬಹುದು. ಅದು ತಾಯಿಯ ತಪ್ಪಲ್ಲ. ಆಗ ವೈದ್ಯರು ಹೇಳಿದಂತೆ ಮೇಲುಹಾಲು ಕೊಡಬೇಕಾಗುತ್ತದೆ. ಮಗುವನ್ನು ಹಸಿದಿರಲು ಬಿಡಬಾರದು.

ಆರು ತಿಂಗಳು ತುಂಬುವವರೆಗೆ ನೀರು, ಜೇನು, ಸಕ್ಕರೆ ನೀರು, ಗುಟ್ಟಿ ಬೇಡ. ಬೇಸಿಗೆಯಲ್ಲೂ ಎದೆಹಾಲಿನಲ್ಲಿರುವ ನೀರೇ ಸಾಕು. ವೈದ್ಯರು ಬರೆದ ಔಷಧ, ವಿಟಮಿನ್ ಹನಿ ಕೊಡಬಹುದು.

ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕಾದಾಗ

ಮಗು ಎಬ್ಬಿಸಿದರೂ ಏಳದೆ, ಕುಡಿಯದೆ ಇದ್ದರೆ. ಮೂತ್ರ ಬಹಳ ಕಡಿಮೆಯಾದರೆ. ಬಾಯಿ ಒಣಗಿ ನೆತ್ತಿ ಗುಳಿ ಬಿದ್ದರೆ. ಅಂಗೈ ಅಂಗಾಲಿನವರೆಗೆ ಹಳದಿಯಾದರೆ. ಜ್ವರ ಬಂದರೆ ಅಥವಾ ಮೈ ತಣ್ಣಗಾದರೆ. ಉಸಿರು ನಿಮಿಷಕ್ಕೆ 60 ಮೀರಿದರೆ ಅಥವಾ ಫಿಟ್ಸ್ ಬಂದರೆ ಮನೆಮದ್ದು ಮಾಡುತ್ತ ಕೂರಬೇಡಿ. 108ಕ್ಕೆ ಕರೆ ಮಾಡಿ.

ಗಡಿಯೂರಿನವರಿಗೆ ಒಂದು ಮಾತು

ನಮ್ಮಲ್ಲಿ ಹೆಣ್ಣುಮಕ್ಕಳು ಹೆರಿಗೆಗೆ ತವರಿಗೆ ಹೋಗುತ್ತಾರೆ. ಗಂಡನ ಮನೆ ಜತ್ತದಲ್ಲಿ, ತವರು ವಿಜಯಪುರದ ಕಡೆ. ಅಥವಾ ಗಂಡನ ಮನೆ ತಾಳವಾಡಿ, ತವರು ಚಾಮರಾಜನಗರ. ಹೆಸರು ಒಂದು ರಾಜ್ಯದಲ್ಲಿ ದಾಖಲಾಗಿ, ಮಗು ಇನ್ನೊಂದರಲ್ಲಿದ್ದರೆ ತೂಕ ನೋಡುವವರಿಲ್ಲದೆ ಹೋಗಬಹುದು. ತಾಯಿ ಕಾರ್ಡನ್ನು ತಪ್ಪದೆ ಜೊತೆಗೊಯ್ಯಿರಿ. ತವರಿನ ಆಶಾ ಕಾರ್ಯಕರ್ತೆಗೆ, ತಮಿಳುನಾಡಿನಲ್ಲಾದರೆ ಗ್ರಾಮ ಆರೋಗ್ಯ ದಾದಿಗೆ, ಮಗು ಬಂದಿರುವುದನ್ನು ತಿಳಿಸಿ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ಮಗುವನ್ನು ನೋಡಬೇಕೆಂಬ ಕ್ರಮವಿದೆ.

ಬೇರೆ ಭಾಷೆಯ ಆಸ್ಪತ್ರೆಯಲ್ಲಿ ಈ ಪದಗಳು ನೆನಪಿರಲಿ. ಎದೆಹಾಲಿಗೆ ಮರಾಠಿಯಲ್ಲಿ ಅಂಗಾವರಚೆ ದೂಧ, ತೆಲುಗಿನಲ್ಲಿ ತಲ್ಲಿಪಾಲು, ತಮಿಳಿನಲ್ಲಿ ತಾಯ್‌ಪ್ಪಾಲ್, ಮಲಯಾಳದಲ್ಲಿ ಮುಲಪ್ಪಾಲ್ ಎನ್ನುತ್ತಾರೆ. ತೂಕಕ್ಕೆ ಕ್ರಮವಾಗಿ ವಜನ, ಬರುವು, ಎಡೈ, ತೂಕ್ಕಂ. "ಎಷ್ಟು ಬಾರಿ ಮೂತ್ರ ಮಾಡಿತು, ತೂಕ ಎಷ್ಟು ಏರಿತು" ಎಂಬ ಎರಡು ಲೆಕ್ಕ ಬರೆದಿಟ್ಟುಕೊಂಡು ಹೋದರೆ ಯಾವ ಭಾಷೆಯ ವೈದ್ಯರಿಗೂ ವಿಷಯ ಬೇಗ ತಿಳಿಯುತ್ತದೆ.