ಆ ಕುರ್ಚಿಯಲ್ಲಿ ಈಗ ನಾವೇ

2000ಕ್ಕೂ ಮುಂಚೆ ಬೆಂಗಳೂರಲ್ಲಿ ಮನೆ ಕಂದಾಯ ಎಷ್ಟು ಅಂತ ಹೇಳ್ತಿದ್ದವರು ಪಾಲಿಕೆ ಅಧಿಕಾರಿಗಳು. ಮನೆಗೆ ವರ್ಷಕ್ಕೆ ಎಷ್ಟು ಬಾಡಿಗೆ ಬರಬಹುದು ಅನ್ನೋ ಅವರ ಅಂದಾಜೇ ಅದಕ್ಕೆ ಆಧಾರ. ಆ ವರ್ಷ ಸ್ವಯಂ ಘೋಷಿತ ಆಸ್ತಿ ತೆರಿಗೆ ಪದ್ಧತಿ ಬಂತು: ಲೆಕ್ಕ ಹಾಕೋದೂ ನಾವೇ, ಕಟ್ಟೋದೂ ನಾವೇ. 2008ರಲ್ಲಿ ಊರನ್ನು ಆರು ವಲಯ ಮಾಡಿ ಚದರಡಿಗೆ ಇಷ್ಟು ಅಂತ ದರ ಗೊತ್ತು ಮಾಡಿದರು. ಬಾಡಿಗೆಗೆ ಕೊಟ್ಟ ಮನೆಗಿಂತ ಮಾಲೀಕರೇ ಇರೋ ಮನೆಗೆ ಅರ್ಧ ದರ.

ಏಪ್ರಿಲ್‌ನಲ್ಲಿ ಶೇ. 5 ರಿಯಾಯಿತಿ ಆಸೆಗೆ ಫಾರಂ ತುಂಬುತ್ತಾ ನಾನು ತಡವರಿಸಿದ್ದು ಅಲ್ಲೇ. ನಮ್ಮ ಮಹಡಿಯಲ್ಲಿ ಬಾಡಿಗೆಯವರಿದ್ದಾರೆ. ‘ಸ್ವಂತ ವಾಸ’ ಅಂದ್ರೆ ತಕ್ಷಣ ಯಾರೂ ಬಂದು ನೋಡಲ್ಲ. ಅಪ್ಪ ಬೈಯುತ್ತಿದ್ದದ್ದು ಅಧಿಕಾರಿಯ ಅಂದಾಜನ್ನು. ಈಗ ಆ ಕುರ್ಚಿಯಲ್ಲಿ ನಾನೇ ಕೂತಿದ್ದೀನಲ್ಲ!

‘ಬಾಡಿಗೆ’ ಅಂತಲೇ ತುಂಬಿದೆ.