ಇಕ್ಕೇರಿಯೂ ಗೋವೆಯೂ

ಸೊರಬ ಶಿಕಾರಿಪುರಗಳ ಸೀಮೆಗೆ ಸೇರಿದ ಕ್ಯಾಸನೂರಿನ ಹೆಸರನ್ನು ಹೊರಗಿನ ಲೋಕವು ಇಂದು ಬಲ್ಲುದು ಒಂದು ಜ್ವರದ ದೆಸೆಯಿಂದ. 1957ರಲ್ಲಿ ಅಲ್ಲಿಯ ಕಾಡಿನೊಳಗೆ ಮಂಗಗಳು ಸತ್ತು ಬಿದ್ದುವು. ಕಾಡಿಗೆ ಸೌದೆ ಸೊಪ್ಪುಗಳಿಗಾಗಿ ಹೋದ ಬಡವರು ಜ್ವರದಿಂದ ಮಲಗಿದರು. ಮಂಗನ ಕಾಯಿಲೆಯೆಂದು ನಾವು ಹೇಳುವ ಆ ವ್ಯಾಧಿಗೆ ವೈದ್ಯಶಾಸ್ತ್ರಜ್ಞರು ಈ ಊರಿನ ಹೆಸರನ್ನೇ ಇಟ್ಟರು. ಒಂದು ಊರಿಗೆ ಇದಕ್ಕಿಂತ ಒಳ್ಳೆಯ ಖ್ಯಾತಿಯು ದೊರೆಯಬಹುದಾಗಿತ್ತು. ಏಕೆಂದರೆ ದಂಡಾವತಿ ವರದಾ ನದಿಗಳ ಈ ಗದ್ದೆಬಯಲೂ, ಚಂದ್ರಗುತ್ತಿಯ ಕೋಟೆಯೂ, ಇವುಗಳ ನಡುವಣ ಅಡಕೆತೋಟಗಳೂ ಕೆಳದಿಯ ನಾಯಕರ ರಾಜ್ಯದಲ್ಲಿ ಸೇರಿದ್ದ ಕಾಲದಲ್ಲಿ, ಸಮುದ್ರವನ್ನಾಳುತ್ತಿದ್ದ ಯೂರೋಪಿನ ಒಂದು ಪ್ರಬಲ ರಾಷ್ಟ್ರವು ತನ್ನ ರಾಜಧಾನಿಯ ಅನ್ನಕ್ಕೂ ವ್ಯಾಪಾರಕ್ಕೂ ಆ ರಾಜ್ಯದ ಮುಖವನ್ನೇ ನೋಡಬೇಕಾಗಿದ್ದಿತು. ಆ ಎರಡು ರಾಜ್ಯಗಳ ಜನರು ಹೇಗೆ ಬಾಳಿದರು, ಯಾರ ಬಾಳು ಎಷ್ಟು ಕಾಲ ನೆಲೆನಿಂತಿತು ಎಂಬುದನ್ನು ಹೋಲಿಸಿ ನೋಡುವುದೇ ಈ ಲೇಖನದ ಉದ್ದೇಶ.

ಪೋರ್ತುಗೀಸರು ಗೋವೆಯನ್ನು ವಿಜಾಪುರದವರಿಂದ ಕಿತ್ತುಕೊಂಡದ್ದು 1510ರಲ್ಲಿ. ಆ ಸಾಹಸಕ್ಕೆ ಅವರ ದಳಪತಿಯಾದ ಅಲ್ಬುಕರ್ಕನನ್ನು ಪ್ರೇರಿಸಿ ಸಹಾಯಮಾಡಿದವನು ಹೊನ್ನಾವರದ ಕಡೆಯ ನಾವಿಕನಾದ ತಿಮ್ಮಯ್ಯನೆಂಬುದು ಪ್ರಸಿದ್ಧವಾಗಿದೆ. 1568-69ರಲ್ಲಿ ಅವರು ಮಂಗಳೂರು, ಹೊನ್ನಾವರ, ಬಸರೂರುಗಳಲ್ಲಿ ಕೋಟೆಗಳನ್ನು ಹಿಡಿದು ಕೆನರಾ ಕರಾವಳಿಯ ಬಾಗಿಲುಗಳನ್ನು ತಮ್ಮ ಕೈಗೆ ತಂದುಕೊಂಡರು. ಇತ್ತ ಘಟ್ಟದ ಮೇಲೆ, ವಿಜಯನಗರದ ಸಾಮಂತರಾಗಿದ್ದ ಕೆಳದಿಯ ನಾಯಕರು, 1565ರ ಯುದ್ಧದಿಂದ ಆ ಸಾಮ್ರಾಜ್ಯವು ಸೊರಗಿದ ಮೇಲೆ, ಮೆಲ್ಲಮೆಲ್ಲನೆ ಸ್ವತಂತ್ರರಾದರು. ಒಂದು ಕಡೆ ಹಡಗು, ಫಿರಂಗಿ, ಇಗರ್ಜಿಗಳ ರಾಜ್ಯ. ಇನ್ನೊಂದು ಕಡೆ ಮಳೆ, ಗದ್ದೆ, ಮೆಣಸಿನ ಬಳ್ಳಿಗಳ ರಾಜ್ಯ. ಇವೆರಡಕ್ಕೂ ನಡುವೆ ಇದ್ದುದು ನಾಲ್ಕಾರು ದಿನಗಳ ದಾರಿ ಮಾತ್ರ.

ಆಗಿನ ಗೋವೆಯ ವೈಭವವನ್ನು ಹೇಳಿದವರು ಅನೇಕರು. 1583ರಿಂದ 1588ರವರೆಗೆ ಅಲ್ಲಿದ್ದ ಲಿನ್‌ಸ್ಕೋಟೆನ್ ಎಂಬ ಡಚ್ಚನು ಅಲ್ಲಿಯ ದೊಡ್ಡ ಬೀದಿಯಲ್ಲಿ ಬೆಳಗಿನ ಹೊತ್ತು ನಡೆಯುತ್ತಿದ್ದ ಹರಾಜನ್ನು ವರ್ಣಿಸಿದ್ದಾನೆ. ಆ ಹರಾಜಿನಲ್ಲಿ ಅರಬೀ ಕುದುರೆಗಳೂ, ಸಾಂಬಾರ ಸಾಮಗ್ರಿಗಳೂ, ರತ್ನಗಂಬಳಿಗಳೂ, ಅವುಗಳ ಜೊತೆಗೇ ಗಂಡು ಹೆಣ್ಣು ಗುಲಾಮರೂ ಮಾರಾಟವಾಗುತ್ತಿದ್ದರು. ತಕ್ಕಮಟ್ಟಿನ ಪೋರ್ತುಗೀಸನು ಕೊಡೆ ಹಿಡಿಯುವ ಆಳಿಲ್ಲದೆ ಬೀದಿಗಿಳಿಯನು. ಅವನ ಮಡದಿಯು ಪಲ್ಲಕ್ಕಿಯಿಲ್ಲದೆ ಇಗರ್ಜಿಗೆ ಹೋಗಳು. 1608ರಿಂದ ಎರಡು ವರ್ಷ ಅಲ್ಲಿದ್ದ ಪಿರಾರ್ಡ್ ಎಂಬ ಫ್ರೆಂಚನು ಅಲ್ಲಿಯ ದೊರೆಯ ಆಸ್ಪತ್ರೆಯನ್ನು ಬಾಯಿತುಂಬ ಹೊಗಳಿದ್ದಾನೆ. ಆದರೆ ಆ ಆಸ್ಪತ್ರೆಗೆ ಕೆಲಸವೆಷ್ಟಿತ್ತೆಂಬುದನ್ನೂ ನಾವು ಯೋಚಿಸಬೇಕು. ಸೋರುವ ಮಣ್ಣಿನ ಆ ನಗರದಲ್ಲಿ ಬಾವಿಗಳು ಕೆಟ್ಟು, ಜ್ವರವೂ ವಾಂತಿಭೇದಿಯೂ ಮೇಲಿಂದ ಮೇಲೆ ಜನರನ್ನು ಒಯ್ಯುತ್ತಿದ್ದುವು. ಇಷ್ಟಾದರೂ, ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು: ನಗರದ ಸುತ್ತಣ ಹಳ್ಳಿಗಳಲ್ಲಿ ಗಾಂವ್ಕರರ ಸಮುದಾಯಗಳಿಗೆ ಪೂರ್ವದಿಂದ ಬಂದಿದ್ದ ಆಚಾರಗಳನ್ನೂ ತೆರಿಗೆಗಳನ್ನೂ ಪೋರ್ತುಗೀಸರು 1526ರಲ್ಲಿಯೇ ಬರಹಕ್ಕಿಳಿಸಿ ಮಾನ್ಯಮಾಡಿದ್ದರು. ಆದರೆ ಆ ಹಳ್ಳಿಗಳ ಬತ್ತವು ನಗರಕ್ಕೆ ಸಾಲುತ್ತಿರಲಿಲ್ಲ.

ಈ ಗೋವೆಯಿಂದ 1623ನೆಯ ಅಕ್ಟೋಬರ್ ತಿಂಗಳಲ್ಲಿ ಒಬ್ಬ ರಾಯಭಾರಿಯು ಇಕ್ಕೇರಿಗೆ ಹೊರಟನು. ಅವನ ಸಂಗಡ, ಕೇವಲ ನೋಡುವ ಕುತೂಹಲದಿಂದ, ಪಿಯೆತ್ರೊ ದೆಲ್ಲ ವಾಲ್ಲೆ ಎಂಬ ರೋಮ್ ನಗರದ ಗೃಹಸ್ಥನೂ ಹೊರಟನು. ಅವನು ಬರೆದ ಪತ್ರಗಳು ನಮ್ಮ ಸೀಮೆಯ ಇತಿಹಾಸಕ್ಕೆ ದೊರೆತ ಒಂದು ಭಾಗ್ಯವೆನ್ನಬೇಕು. ಹೊನ್ನಾವರದಿಂದ ಹೊಳೆಯಲ್ಲಿ ಗೇರುಸೊಪ್ಪೆಗೆ ಬಂದು, ಘಟ್ಟವನ್ನೇರುವಾಗ ಅವನಿಗೆ ತನ್ನ ದೇಶದ ಅಪೆನೈನ್ ಪರ್ವತಗಳ ನೆನಪಾಯಿತು. ಘಟ್ಟದ ಮೇಲಣ ಹನುಮಂತನ ಗುಡಿಯೊಂದರ ಜಗಲಿಯಲ್ಲಿ ನಾಲ್ವರು ಹುಡುಗರು ಲೆಕ್ಕವನ್ನು ಕಲಿಯುತ್ತಿದ್ದರು. ಒಬ್ಬನು ರಾಗವಾಗಿ ಹೇಳುವನು. ಹೇಳುತ್ತ ನೆಲದ ಮೇಲೆ ಹರಡಿದ ನಯವಾದ ಮಳಲಿನಲ್ಲಿ ಬೆರಳಿನಿಂದ ಬರೆಯುವನು. ಉಳಿದವರು ಅದನ್ನೇ ಹೇಳಿ ಅದನ್ನೇ ಬರೆಯುವರು. ಮಳಲು ತುಂಬಿದರೆ ಅಳಿಸಿ ಹೊಸ ಮಳಲನ್ನು ಎರಚುವರು. ಗುರುವು ಕಾಣಲಿಲ್ಲ. ತಿಳಿಯದಿದ್ದರೆ ಯಾರನ್ನು ಕೇಳುವಿರಿ ಎಂದು ಪ್ರವಾಸಿಯು ವಿಚಾರಿಸಲು, ಒಂದೇ ತೊಡಕು ನಾಲ್ವರಿಗೂ ಒಂದೇ ಸಾರಿ ಬರಲಾರದಷ್ಟೆ ಎಂಬ ಉತ್ತರವು ಬಂದಿತು. ಕಾಗದವೂ ಬೇಡ, ಶಾಯಿಯೂ ಬೇಡ, ಕಾಸೂ ಬೇಡ. ಜೀವನಮಟ್ಟವನ್ನು ಅಳೆಯುವವರು ಈ ಮಳಲನ್ನು ಯಾವ ಕಲಮಿನಲ್ಲಿ ಬರೆದುಕೊಳ್ಳುತ್ತಾರೋ ನಾನರಿಯೆ.

ಇಕ್ಕೇರಿಯನ್ನು ಕಂಡು ದೆಲ್ಲ ವಾಲ್ಲೆಯು ಬೆರಗಾಗಲಿಲ್ಲ. ಊರೇನೋ ವಿಸ್ತಾರವಾಗಿದ್ದಿತು, ನೀಳವಾದ ನೇರವಾದ ಬೀದಿಗಳು, ಅವುಗಳಿಗೆ ನೆರಳಾದ ದೊಡ್ಡ ಮರಗಳು, ನಡುನಡುವೆ ಕೆರೆಗಳು, ಆದರೆ ಮನೆಗಳು ವಿರಳ, ಕಟ್ಟಡವು ಸಾಮಾನ್ಯ. ವೆಂಕಟಪ್ಪನಾಯಕನ ಪ್ರತಾಪವನ್ನು ಕುರಿತು ಗೋವೆಯಲ್ಲಿ ಕೇಳಿಬಂದುದು ಹೆಚ್ಚಿನ ಮಾತೆಂದೇ ಅವನಿಗೆ ತೋರಿತು. ಗೋವೆಯ ಕಲ್ಲಿನ ಮಹಡಿಗಳನ್ನು ನೋಡಿ ಬಂದವನಿಗೆ ಬೇರೆ ಹೇಗೆ ತೋರೀತು! ಹುಲ್ಲು ಹೊದೆಸಿದ ಮಣ್ಣುಗೋಡೆಯ ಮನೆಯಲ್ಲಿ ಕಣಜವು ತುಂಬಿದೆಯೋ ಇಲ್ಲವೋ ಎಂಬುದು ಬೀದಿಯಲ್ಲಿ ಹೋಗುವವನಿಗೆ ಕಾಣುವುದಿಲ್ಲ.

ಆದರೆ ಆ ರಾಯಭಾರವು ಹೊರಟ ಕಾರಣವನ್ನು ನೋಡಿದರೆ ಎರಡು ರಾಜ್ಯಗಳ ನಿಜಸ್ಥಿತಿಯು ಹೊರಬೀಳುತ್ತದೆ. ಕರಾವಳಿಯ ಬಂಗರಸನ ಸೀಮೆಯನ್ನು ವೆಂಕಟಪ್ಪನಾಯಕನು ಆಕ್ರಮಿಸಿದ್ದನು. ಆ ಅರಸನು ಪೋರ್ತುಗೀಸರ ಮಿತ್ರನು. ಮಿತ್ರನನ್ನು ಕಾಪಾಡಬೇಕೆಂದು ಗೋವೆಯವರಿಗೆ ಮನಸ್ಸಿದ್ದರೂ, ನಾಯಕನಿಂದ ಕೊಂಡ ಮೆಣಸಿನ ಹಣವನ್ನು ಅವರು ಇನ್ನೂ ತೆತ್ತಿರಲಿಲ್ಲ. ಮುಂದಿನ ಮೆಣಸೂ ಅವನಿಂದಲೇ ಬರಬೇಕಾಗಿದ್ದಿತು. ಸಾಲಗಾರನ ದನಿಯು ಎಷ್ಟು ಏರಬಲ್ಲುದು! ಇದರ ಮೇಲೆ ಅಕ್ಕಿಯ ಮಾತು. ಮೆಣಸು ಅಡಕೆಗಳು ಘಟ್ಟದ ಮೇಲಿಂದಲೂ ಅದರ ಮಗ್ಗುಲಿಂದಲೂ ಇಳಿದರೆ, ಅಕ್ಕಿಯು ಮುಖ್ಯವಾಗಿ ಘಟ್ಟದ ಕೆಳಗಣ ಬಸರೂರು, ಮಂಗಳೂರು, ಹೊನ್ನಾವರಗಳ ಬಯಲಿನಿಂದ ಗೋವೆಗೆ ಹೋಗುತ್ತಿತ್ತು. ಮಲಬಾರದ ಕಡಲುಗಳ್ಳರ ಭಯದಿಂದ ದೋಣಿಗಳು ತಂಡಕಟ್ಟಿಕೊಂಡು, ಪೋರ್ತುಗೀಸರ ಯುದ್ಧನೌಕೆಗಳ ಕಾವಲಿನಲ್ಲಿ ಸಾಗುತ್ತಿದ್ದುವು. ಆ ತಂಡವು ತಡವಾದರೆ ಗೋವೆಯಲ್ಲಿ ಧಾರಣೆಯು ಏರುವುದು. ಬಾರದಿದ್ದರೆ ಪಲ್ಲಕ್ಕಿಯವನಿಗೂ ಹೊರುವವನಿಗೂ ಒಂದೇ ಗತಿ.

ವಿಪತ್ತು ಬಂದಾಗ ಈ ಭೇದವು ಸ್ಪಷ್ಟವಾಯಿತು. ವಿಪತ್ತು ಇಬ್ಬರಿಗೂ ಹೆಚ್ಚುಕಡಮೆ ಏಕಕಾಲದಲ್ಲಿಯೇ ಬಂದಿತು. 1637ರಲ್ಲಿ ವಿಜಾಪುರದ ರಣದುಲ್ಲಾಖಾನನು ಇಕ್ಕೇರಿಯನ್ನು ಮುತ್ತಿ ಸೂರೆಮಾಡಿದನು. ಅದೇ ಕಾಲದಿಂದ ಡಚ್ಚರ ಹಡಗುಗಳು ವರ್ಷವರ್ಷವೂ ಬಂದು ಗೋವೆಯ ಬಂದರದ ಬಾಯನ್ನು ಕಟ್ಟತೊಡಗಿದುವು. ಇಕ್ಕೇರಿಯು ಮತ್ತೆ ರಾಜಧಾನಿಯಾಗಿ ಉಳಿಯಲಿಲ್ಲ. ನಾಯಕರು ಕಾಡಿನ ನಡುವಣ ಬಿದನೂರಿಗೆ ಹೋದರು. ಆದರೆ ಗದ್ದೆಗಳನ್ನು ಯಾರೂ ಹೊತ್ತುಕೊಂಡು ಹೋಗಲಿಲ್ಲ. ಮರುವರ್ಷ ಮಳೆ ಬಂದಿತು, ನಾಟಿ ನಡೆಯಿತು. ಸುಮಾರು ಹದಿನೈದು ವರ್ಷಗಳೊಳಗಾಗಿ, 1652ರಿಂದ 1654ರವರೆಗೆ, ಶಿವಪ್ಪನಾಯಕನು ಹೊನ್ನಾವರ, ಬಸರೂರು, ಮಂಗಳೂರುಗಳ ಕೋಟೆಗಳಿಂದ ಪೋರ್ತುಗೀಸರನ್ನು ಹೊರಡಿಸಿದನು. ಗೋವೆಯ ಸಂಪತ್ತಾದರೋ ನೀರಿನ ಮೇಲಿನದು. 1641ರಲ್ಲಿ ಮಲಾಕ್ಕವು ಹೋಯಿತು, 1658ರಲ್ಲಿ ಸಿಂಹಳವು ಹೋಯಿತು, 1663ರಲ್ಲಿ ಕೊಚ್ಚಿಯು ಹೋಯಿತು. 1641ರಲ್ಲಿಯೂ ಮತ್ತೆ 1648ರಲ್ಲಿಯೂ ಗೋವೆಯನ್ನು ಕಂಡ ತಾವರ್ನಿಯೇ ಎಂಬ ಫ್ರೆಂಚ್ ವರ್ತಕನು ಬರೆದಿರುವುದು ಕನಿಕರವನ್ನು ಹುಟ್ಟಿಸುತ್ತದೆ: ಮೊದಲ ಸಾರಿ ಸಮೃದ್ಧಿಯಲ್ಲಿದ್ದ ಮನೆತನದವರು ಎರಡನೆಯ ಸಾರಿ ಕತ್ತಲಾದಮೇಲೆ ಗುಟ್ಟಾಗಿ ಬಂದು ಅವನನ್ನು ಬೇಡಿದರಂತೆ, ಹೆಂಗಸರು ಬೇಡುವುದಕ್ಕೂ ಪಲ್ಲಕ್ಕಿಯಲ್ಲಿಯೇ ಬಂದರಂತೆ. ಪಲ್ಲಕ್ಕಿಯಿಂದ ಇಳಿಯುವುದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ.

ಆದರೂ ಮಳೆ ಮಣ್ಣುಗಳ ಬಲದಿಂದಲೇ ಒಂದು ರಾಜ್ಯವು ಸ್ಥಿರವಾಗುವುದಿಲ್ಲ. ಬೆಳೆದವನಿಗೆ ಏನು ಉಳಿಯುವುದೆಂಬುದು ಮೊದಲೇ ಗೊತ್ತಿರಬೇಕು. ಶಿವಪ್ಪನಾಯಕನ ಶಿಸ್ತೆಂದು ಈಗಲೂ ಗಾದೆಯಂತೆ ನಡೆದಿರುವ ಮಾತಿನ ಮೂಲವು ಇದೇ. ಹನ್ನೆರಡು ವರ್ಷಗಳ ಕಾಲ ಪ್ರತಿಯೊಂದು ಗ್ರಾಮದಲ್ಲಿಯೂ ಒಂದೊಂದು ತರದ ನೆಲವನ್ನು ಸರಕಾರದ ಖರ್ಚಿನಿಂದಲೇ ಸಾಗುಮಾಡಿಸಿ, ಬಿತ್ತಿದ ಬೀಜವೆಷ್ಟು, ಬೇಸಾಯದ ವೆಚ್ಚವೆಷ್ಟು, ಬಂದ ಬೆಳೆಯೆಷ್ಟು, ಅದರ ಬೆಲೆಯೆಷ್ಟು ಎಂದು ಬರೆಯಿಸಿ, ಅದರ ಸರಾಸರಿಯ ಮೇಲೆ ಮೂರರಲ್ಲೊಂದು ಪಾಲನ್ನು ಸರಕಾರದ ಕಂದಾಯವೆಂದು ಗೊತ್ತುಮಾಡಲಾಯಿತೆಂದು ಹೇಳುತ್ತಾರೆ. ಅಡಕೆತೋಟಗಳಿಗೆ ಮರದ ಲೆಕ್ಕ. ಒಂದು ಮರಕ್ಕೆ ಬೇಕಾದ ಜಾಗವೆಂಬ ದಾಯದ ಅಳತೆಗೋಲು ಇಕ್ಕೇರಿಯ ಅಘೋರೇಶ್ವರ ದೇವಾಲಯದ ಬಾಗಿಲ ಮೆಟ್ಟಿಲುಕಲ್ಲಿನ ಉದ್ದದಷ್ಟು, ಅಂದರೆ ಹದಿನೆಂಟೂವರೆ ಅಡಿ. ಅಮಲ್ದಾರನ ಕೋಲು ಕುಗ್ಗಿತೆಂದು ಸಂಶಯಬಂದರೆ ರೈತನು ದೇವಾಲಯಕ್ಕೆ ಹೋಗಿ ಅಳೆದು ನೋಡಬಹುದಾಗಿದ್ದಿತು. ಮೂರರಲ್ಲೊಂದು ಹಗುರವಾದ ಪಾಲಲ್ಲ. ಅದನ್ನು ಧರ್ಮರಾಯನ ಕಾಲವೆಂದು ಹೊಗಳಬೇಕಾಗಿಲ್ಲ. ಆದರೆ ಅದು ಗೊತ್ತಾದ ಪಾಲು. ಇಕ್ಕೇರಿಯ ವರಹವು ನಾಯಕರ ಸೀಮೆಯ ಆಚೆಗೂ ಚಲಾವಣೆಯಾಗುತ್ತಿದ್ದುದಕ್ಕೂ ಈ ನೆಚ್ಚಿಕೆಗೂ ಸಂಬಂಧವುಂಟೆಂದು ನಾನು ಎಣಿಸುತ್ತೇನೆ.

ಇಷ್ಟು ಹೇಳಿ ನಿಲ್ಲಿಸಿದರೆ ಅದು ನಮ್ಮೂರ ಅಭಿಮಾನವಾದೀತೇ ಹೊರತು ಇತಿಹಾಸವಾಗಲಾರದು. 1623ರ ನವೆಂಬರಿನಲ್ಲಿ ದೆಲ್ಲ ವಾಲ್ಲೆಯು ಇಕ್ಕೇರಿಯ ಬೀದಿಯಲ್ಲಿ ಒಬ್ಬ ಹೆಂಗಸನ್ನು ಕಂಡನು. ಗಂಡನು ತೀರಿಕೊಂಡು ಕೆಲವು ದಿನಗಳಾಗಿದ್ದುವು. ಅವನು ತೆಲುಗರವನು, ಮೃದಂಗದಂತಹ ವಾದ್ಯವನ್ನು ಬಾರಿಸುವ ಕಸುಬಿನವನು. ಆಕೆಯು ಸಹಗಮನದ ನಿಶ್ಚಯದಿಂದ ಮೆರವಣಿಗೆಯಲ್ಲಿ ಹೋಗುತ್ತಿದ್ದಳು. ಪ್ರವಾಸಿಯು ಅವಳ ಮನೆಗೇ ಹೋಗಿ ಮಾತನಾಡಿಸಿ, ಚಿಕ್ಕ ಮಕ್ಕಳಿರುವುದನ್ನು ನೆನಪಿಸಿ, ಬೇಡವೆಂದು ಬಗೆಬಗೆಯಾಗಿ ಹೇಳಿದನು. ಅವಳು ನಗುಮುಖದಿಂದಲೇ, ಇದು ನನ್ನ ಇಚ್ಛೆ ಎಂದಳು. ಅವನು ಬರೆದಿಟ್ಟ ಹೆಸರನ್ನು ನೋಡಿದರೆ ಆಕೆ ಜಕ್ಕಮ್ಮನಿರಬೇಕು. ಪರ್ಷಿಯಾದಲ್ಲಿ ಗತಿಸಿದ ತನ್ನ ಮಡದಿಯ ದೇಹವನ್ನು ರೋಮಿನಲ್ಲಿ ಹೂಳಬೇಕೆಂದು ಪೆಟ್ಟಿಗೆಯಲ್ಲಿಟ್ಟು ದೇಶದೇಶಗಳನ್ನು ಸುತ್ತುತ್ತಿದ್ದ ಆ ಮನುಷ್ಯನಿಗೆ ಅವಳ ಉತ್ತರವು ಹೇಗೆ ಕೇಳಿಸಿತೋ! ಕಣಜಗಳು ತುಂಬಿದ್ದ ನಾಡಿನಲ್ಲಿ ಜಕ್ಕಮ್ಮನಿಗೆ ಬಾಳುವ ದಾರಿಯೊಂದು ಕಾಣಲಿಲ್ಲವೆಂಬುದನ್ನು ನಾವು ಲೆಕ್ಕಕ್ಕೆ ಹಿಡಿಯಲೇಬೇಕು. ಹಾಗೆಯೇ, ಗೋವೆಯ ಹರಾಜನ್ನು ಕಂಡು ಮೂಗುಮುರಿಯುವ ಮೊದಲು, 1801ರಲ್ಲಿ ಈ ಸೀಮೆಗಳಲ್ಲಿ ಸಂಚರಿಸಿದ ಬ್ಯೂಕನನ್ನನು ಕೆನರಾದಲ್ಲಿ ಹೊಲದ ಆಳುಗಳನ್ನು ಮಾರುವ, ಒತ್ತೆಯಿಡುವ ಪದ್ಧತಿಯನ್ನು ಕಂಡು ಬರೆದಿರುವುದನ್ನು ನೆನೆಯಬೇಕು. ಅದು ನೆನ್ನೆ ಮೊನ್ನೆ ಹುಟ್ಟಿದ ಪದ್ಧತಿಯಾಗಿರಲಿಲ್ಲ. ಅರಮನೆಯೊಳಗೂ ನೆಮ್ಮದಿಯಿರಲಿಲ್ಲ, ಶಿವಪ್ಪನಾಯಕನು 1660ರಲ್ಲಿ ತೀರಿಕೊಂಡ ಮೇಲೆ ಚೆನ್ನಮ್ಮಾಜಿಯು ಪಟ್ಟಕ್ಕೆ ಬರುವವರೆಗಿನ ಹನ್ನೊಂದು ಹನ್ನೆರಡು ವರ್ಷಗಳು ಒಳಸಂಚಿನ ವರ್ಷಗಳು. ಅದೇ ಅವಧಿಯಲ್ಲಿ, 1665ರಲ್ಲಿ, ಶಿವಾಜಿಯು ಬಸರೂರನ್ನು ಸೂರೆಮಾಡಿದನು.

1763ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿದನು. ಅವನಿಗೆ ದೊರೆತ ಸೂರೆಯನ್ನು ವಿಲ್ಕ್ಸ್ ಎಂಬ ಇತಿಹಾಸಕಾರನು ನೂರಿಪ್ಪತ್ತು ಲಕ್ಷ ಪೌನೆಂದು ಹೇಳಿದ್ದಾನೆ. ಉತ್ಪ್ರೇಕ್ಷೆಯೆಂದೇ ನನ್ನ ಅಭಿಪ್ರಾಯ. ಸೂರೆಗಿಂತ ಮಿಗಿಲಾದ ನಷ್ಟವು ಕಂದಾಯದ ಲೆಕ್ಕದಲ್ಲಾಯಿತು. 1799ರಲ್ಲಿ ಕೆನರಾದ ಕಲೆಕ್ಟರನಾಗಿ ಬಂದ ಮನ್ರೋ, ಬಿದನೂರಿನವರ ಕಾಲದಲ್ಲಿ ಬೆಲೆಬಾಳುತ್ತಿದ್ದ ಭೂಮಿಗಳು ಹೈದರ ಟೀಪುಗಳ ಹೆಚ್ಚುವರಿ ವಸೂಲಿಯಿಂದ ಪಾಳುಬಿದ್ದುದನ್ನು ವರದಿಮಾಡಿದನು. ಘಟ್ಟದ ಮೇಲೆ ಧೋಂಡಿಯ ವಾಘನ ಹಾವಳಿಯಲ್ಲಿ ಶಿಕಾರಿಪುರವೂ ಬೆಂದಿತು. ಮೈಸೂರಿನ ಆಡಳಿತದಲ್ಲಿ ಶರತ್ತಿನ ಪದ್ಧತಿಯು ಬಂದು, ಇಷ್ಟು ಹಣವನ್ನು ಎತ್ತಿಯೇ ಕೊಡುವೆನೆಂದು ಒಪ್ಪಿಬಂದ ಅಮಲ್ದಾರರು ರೈತರನ್ನು ಹಿಂಡಿದಾಗ, 1830ರಲ್ಲಿ ನಗರದ ಸೀಮೆಯು ದಂಗೆಯೆದ್ದಿತು. ಬೂದಿ ಬಸವಪ್ಪನು ತಾನು ಕೆಳದಿಯ ವಂಶದವನೆಂದು ಹೇಳಿಕೊಂಡು ನಿಂತನು. ಅವನು ವಂಶದವನಲ್ಲವೆಂದು ತಿಳಿದವರು ಬಹುಮಂದಿಯಿದ್ದರು. ಆದರೂ ಜನರು ಅವನ ಹಿಂದೆ ಹೋದರು. ರಾಜ್ಯವಳಿದು ಅರುವತ್ತೇಳು ವರ್ಷಗಳಾದಮೇಲೂ ಆ ಹೆಸರಿಗಿದ್ದ ಬೆಲೆಯು ಇಷ್ಟು. ಮರುವರ್ಷ, 1831ರಲ್ಲಿ, ಬ್ರಿಟಿಷರು ಮೈಸೂರಿನ ಆಡಳಿತವನ್ನೇ ತಮ್ಮ ಕೈಗೆ ತೆಗೆದುಕೊಂಡರು. ಗೋವೆಯಲ್ಲಾದರೋ ಪೋರ್ತುಗೀಸರ ಬಾವುಟವು 1961ರವರೆಗೆ ಇಳಿಯಲಿಲ್ಲ. ಆದರೆ ವೈಸರಾಯನು 1759ರಲ್ಲಿಯೇ ಪಣಜಿಗೆ ವಾಸವನ್ನು ಬದಲಿಸಿದ್ದನು, ಲಿನ್‌ಸ್ಕೋಟೆನ್ ಕಂಡ ದೊಡ್ಡ ಬೀದಿಯಲ್ಲಿ ಇಗರ್ಜಿಗಳ ಸುತ್ತ ತೆಂಗಿನ ಮರಗಳು ಬೆಳೆದಿದ್ದುವು. ಬಾವುಟದ ಆಯುಸ್ಸೂ ಊರಿನ ಆಯುಸ್ಸೂ ಒಂದೇ ಅಲ್ಲ.

ಶಿಸ್ತು ಸರಕಾರಕ್ಕೂ ಭೂಮಿಯ ಒಡೆಯನಿಗೂ ನಡುವಣ ಮಾತಾಗಿದ್ದಿತು. ಒಡೆಯನಿಗೂ ಗೇಣಿಯವನಿಗೂ ನಡುವೆ ಯಾವ ದೇವಾಲಯದ ಕಲ್ಲೂ ಇರಲಿಲ್ಲ. 1951ರಲ್ಲಿ, ಇಕ್ಕೇರಿಯಿರುವ ಸಾಗರ ತಾಲೂಕಿನಲ್ಲಿಯೇ, ಕಾಗೋಡಿನ ಗೇಣಿದಾರರು ಸತ್ಯಾಗ್ರಹಮಾಡಿದರು. ಎಚ್. ಗಣಪತಿಯಪ್ಪನವರು ಅದರ ಮುಂದಾಳಾಗಿದ್ದರು. ರಾಮಮನೋಹರ ಲೋಹಿಯಾ ಅವರು ದೂರದಿಂದ ಬಂದು ಸೆರೆಯಾದರು. ಗೇಣಿಯವರು ಉತ್ತ ನೆಲವು ಅವರದಾಗುವುದಕ್ಕೆ 1974ರ ಕಾನೂನು ಬರಬೇಕಾಯಿತು. ಆದರೆ ಕಾಗೋಡಿನಲ್ಲಿ ಜಗಳವು ಮೊದಲಾದದ್ದು ನೆಲಕ್ಕಾಗಿ ಅಲ್ಲ, ಕೊಳಗಕ್ಕಾಗಿ: ಗೇಣಿಯ ಬತ್ತವನ್ನು ಅಳೆದುಕೊಳ್ಳುವಾಗ ಒಡೆಯನು ತರುತ್ತಿದ್ದ ಕೊಳಗವು ಪೇಟೆಯ ಕೊಳಗಕ್ಕಿಂತ ದೊಡ್ಡದಾಗಿದ್ದಿತು.