ಗ್ರಿಡ್–ಕ್ಲಸ್ಟರ್: ವ್ಯತ್ಯಾಸವೇನು?

ಹಲವು ಕಂಪ್ಯೂಟರ್‌ಗಳನ್ನು ಒಂದೇ ಕೆಲಸಕ್ಕೆ ಹಚ್ಚುವ ಎರಡು ವಿಧಾನಗಳೆಂದರೆ ಕ್ಲಸ್ಟರ್ ಮತ್ತು ಗ್ರಿಡ್. ಕ್ಲಸ್ಟರ್‌ನ ಯಂತ್ರಗಳು ಸಾಮಾನ್ಯವಾಗಿ ಒಂದೇ ಕೊಠಡಿಯಲ್ಲಿದ್ದು, ಒಂದೇ ಸಂಸ್ಥೆಗೆ ಸೇರಿರುತ್ತವೆ. 1994ರಲ್ಲಿ ನಾಸಾದಲ್ಲಿ ಥಾಮಸ್ ಸ್ಟರ್ಲಿಂಗ್ ಹಾಗೂ ಡೊನಾಲ್ಡ್ ಬೆಕರ್ 16 ಸಾಧಾರಣ ಕಂಪ್ಯೂಟರ್‌ಗಳನ್ನು ಬೆಸೆದು ರೂಪಿಸಿದ ‘ಬಿಯೊವುಲ್ಫ್’ ಇದರ ಹೆಸರಾಂತ ನಿದರ್ಶನ.

ಗ್ರಿಡ್‌ನ ಯಂತ್ರಗಳು ದೂರದೂರದಲ್ಲಿರುತ್ತವೆ. ಆದರೆ ದೂರಕ್ಕಿಂತ ಮುಖ್ಯವಾದುದು ಒಡೆತನ. ಅವು ಬೇರೆ ಬೇರೆ ಸಂಸ್ಥೆಗಳ ಹಿಡಿತದಲ್ಲಿರುವುದರಿಂದ, ಪರರ ಯಂತ್ರ ಬಳಸುವವರು ಡಿಜಿಟಲ್ ಪ್ರಮಾಣಪತ್ರದಂತಹ ಗುರುತನ್ನು ತೋರಬೇಕಾಗುತ್ತದೆ.

ಹವಾಮಾನ ಮುನ್ಸೂಚನೆಯ ಲೆಕ್ಕದಲ್ಲಿ ಯಂತ್ರಗಳು ಪದೇ ಪದೇ ಮಾಹಿತಿ ವಿನಿಮಯ ಮಾಡಿಕೊಳ್ಳಬೇಕು. ಅದನ್ನು ಗ್ರಿಡ್‌ಗೆ ಹಂಚಿದರೆ ಕಾಯುವುದರಲ್ಲೇ ಕಾಲ ಕಳೆಯುತ್ತದೆ. ಅದಕ್ಕೆ ಕ್ಲಸ್ಟರ್ ಸೂಕ್ತ. ಜಿನೀವಾ ಬಳಿಯ ಸರ್ನ್‌ನಲ್ಲಿ ದಾಖಲಾಗುವ ಕಣಗಳ ಡಿಕ್ಕಿಗಳನ್ನಾದರೋ ಒಂದೊಂದಾಗಿ, ಬಿಡಿಬಿಡಿಯಾಗಿ ವಿಶ್ಲೇಷಿಸಬಹುದು. 2012ರಲ್ಲಿ ಹಿಗ್ಸ್ ಬೋಸಾನ್ ಪತ್ತೆಗೆ ನೆರವಾದ ಸರ್ನ್ ಗ್ರಿಡ್‌ಗೆ ಮುಂಬೈ ಹಾಗೂ ಕೋಲ್ಕತ್ತದ ಕೇಂದ್ರಗಳೂ ಸೇರಿವೆ.